ಹನ್ನೊಂದು ದಿನ ತಡವಾದ ಮೊಟ್ಟೆ

ಗುಬ್ಬಿ,
ಆಗಸ್ಟ್ ೧೯೮೯

ಒಂದು ಕಾಲದಲ್ಲಿ ನನ್ನ ಗುರುಗಳಾಗಿದ್ದ ಶಿವರಾಮಯ್ಯ ಮೇಷ್ಟ್ರಿಗೆ,

ನಿಮ್ಮ ಪುಸ್ತಕವನ್ನು ಎರಡು ಸಲ ಓದಿದೆ. ಮೊದಲ ಸಲ ಅತ್ತುಬಿಟ್ಟೆ. ಎರಡನೇ ಸಲ ನಗು ಬಂತು.

ಕುಣಿಗಲ್ ಆಚೆಯ ಬೆಟ್ಟದ ಗವಿಗೆ ಮೂರು ಬೇಸಿಗೆ ಹತ್ತಿದವಳು ನಾನು. ಕೊಂಬೆಯ ಮೇಲೆ ಕೂರಲಾರದ ಆ ಸ್ವಿಫ್ಟ್‌ಲೆಟ್ ಹಕ್ಕಿ ಬಂಡೆಗೆ ಉಗುರೂರಿ ನೇತಾಡುವುದನ್ನು, ಕಗ್ಗತ್ತಲಲ್ಲಿ ಕಟಕಟ ಸದ್ದು ಮಾಡಿ ಅದರ ಮಾರ್ದನಿಯಿಂದಲೇ ದಾರಿ ತಿಳಿಯುವುದನ್ನು, ತನ್ನ ಜೊಲ್ಲಿನಿಂದ ಅರ್ಧ ಬಟ್ಟಲಿನಂಥ ಗೂಡು ಅಂಟಿಸಿ ಎರಡೇ ಮೊಟ್ಟೆ ಇಡುವುದನ್ನು ಕಂಡವಳೂ ನಾನೇ. ರೋಜಾ ಉಪವಾಸವಿದ್ದು ನನ್ನ ಗಂಟಲು ಒಣಗಿದಾಗ, ಬಾಯಿಯ ಪಸೆಯನ್ನೆಲ್ಲ ಗೂಡಿಗೆ ಸುರಿಯುವ ಆ ಜೋಡಿಯ ಮೇಲೆ ಎಷ್ಟು ಪ್ರೀತಿ ಬರುತ್ತಿತ್ತು!

"ನೋಟ್‌ಬುಕ್ ಕೊಡಮ್ಮ ಮುನವ್ವರಾ, ಒಂದ್ಸಲ ನೋಡಿ ಕೊಡ್ತೀನಿ" ಎಂದಿರಿ. ಅದು ತಿರುಗಿ ಬರಲಿಲ್ಲ. ಈ ವರ್ಷ ನಿಮ್ಮ ಹೆಸರಿನಲ್ಲಿ ಪುಸ್ತಕವಾಗಿ ಬಂತು. ಕೇಳಲು ನನ್ನೊಂದಿಗೆ ಬಂದ ನನ್ನ ಅಬ್ಬಾ, ಬಳೆ ಅಂಗಡಿಯ ದಸ್ತಗೀರ್ ಸಾಬರನ್ನು ಸ್ಟಾಫ್ ರೂಮಿನ ಬಾಗಿಲಲ್ಲೇ ನಿಲ್ಲಿಸಿದಿರಿ. "ಹುಡ್ಗಿ ಬೆಟ್ಟ ಹತ್ತಿದ್ಲು ಅಂದ್ರೆ ಯಾರ್ ನಂಬ್ತಾರೆ ಸಾಬ್ರೇ? ಬಳೆ ಮಾರ್ಕೊಂಡು ಸುಮ್ನಿರಿ" ಎಂದಿರಿ. ಕದ್ದದ್ದಕ್ಕಿಂತ ಆ ಮಾತಿಗೇ ನನ್ನ ಹೊಟ್ಟೆ ಉರಿಯಿತು.

ಕದಿಯುವ ಮುಂಚೆ ನನ್ನನ್ನು ಒಂದು ಮಾತು ಕೇಳಬೇಕಿತ್ತು ಮೇಷ್ಟ್ರೇ. ಮನೆಯ ರೂಢಿಯಂತೆ ನಾನು ದಿನಗಳನ್ನು ರಂಜಾನ್ ಲೆಕ್ಕದಲ್ಲಿ ಬರೆದಿದ್ದೆ. ಮೊಟ್ಟೆ ಕಂಡದ್ದು ಮೊದಲ ವರ್ಷ ರಂಜಾನಿಗೆ ಮೂರು ದಿನ ಮುಂಚೆ, ಮರುವರ್ಷ ಒಂಬತ್ತನೇ ರೋಜಾ, ಅದರ ಮುಂದಿನ ವರ್ಷ ಇಪ್ಪತ್ತನೇ ರೋಜಾ. ನೀವು ಮೊದಲ ವರ್ಷದ ಕ್ಯಾಲೆಂಡರಿನಲ್ಲಿ ರಂಜಾನ್ ಶುರುವಾದ ತಾರೀಖು ನೋಡಿ ಮೂರು ವರ್ಷಕ್ಕೂ ಅದನ್ನೇ ಹಚ್ಚಿದಿರಿ. 'ಈ ಹಕ್ಕಿಗಳು ವರ್ಷವರ್ಷವೂ ಹನ್ನೊಂದು ದಿನ ತಡವಾಗಿ ಮೊಟ್ಟೆ ಇಡುತ್ತವೆ' ಎಂದು ಮಹಾ ಸಂಶೋಧನೆ ಬರೆದಿರಿ. ಪ್ರತಿ ವರ್ಷ ಹನ್ನೊಂದು ದಿನ ಮೊದಲೇ ಬರುವುದು ರಂಜಾನ್. ಪಾಪ, ಹಕ್ಕಿಗಳು ಮೂರು ವರ್ಷವೂ ಮೇ ಎಂಟರ ಆಸುಪಾಸಿನಲ್ಲೇ ಇಟ್ಟಿದ್ದವು. ನಿಮ್ಮ ಲೆಕ್ಕ ಹಿಡಿದರೆ ಇನ್ನು ಇಪ್ಪತ್ತು ವರ್ಷಕ್ಕೆ ಅವು ಜನವರಿಯ ಚಳಿಯಲ್ಲಿ ನಡುಗುತ್ತಾ ಮೊಟ್ಟೆ ಇಡಬೇಕು.

ಬರುವ ಭಾನುವಾರ ತುಮಕೂರಿನಲ್ಲಿ ನಿಮಗೆ ಸನ್ಮಾನವಂತೆ. ನಾವಿಬ್ಬರೂ ಬರುತ್ತೇವೆ. ಎಲ್ಲರೆದುರು ಎದ್ದು ನಿಂತು ಪ್ರಶ್ನೆ ಕೇಳುವವರು ಅಬ್ಬಾ. ವಾರದಿಂದ ಅಂಗಡಿಯಲ್ಲಿ ಕೂತು ಅದನ್ನೇ ಹೇಳಿಕೊಳ್ಳುತ್ತಿದ್ದಾರೆ: "ಆ ಮೂರು ವರ್ಷ ರಂಜಾನ್ ಯಾವ್ಯಾವಾಗ ಬಂತು ಹೇಳಿ ಮೇಷ್ಟ್ರೇ?"

ನೂರು ವರ್ಷ ಬಾಳಿ. ಅಷ್ಟು ದಿನವೂ ಈ ಪ್ರಶ್ನೆ ನಿಮ್ಮ ಬೆನ್ನು ಬಿಡದಿರಲಿ.

ಇಂತಿ,
ಮುನವ್ವರಾ