ಬೆರಳು ಕೂಡಿದರೆ ಗರಗಸ

ಮರಗಳನ್ನು ಕಾಪಾಡಲೆಂದೇ ನೇಮಕಗೊಂಡಿರುವ ಮಾನ್ಯ ಅಧಿಕಾರಿಗಳೇ,

ತಮ್ಮ ಕಾನೂನು ನಮ್ಮ ಊರನ್ನು ಬೋಳಿಸಿ ಹಾಕಿದೆ. ನಂಬಿಕೆ ಬಾರದಿದ್ದರೆ ಒಮ್ಮೆ ಬಂದು ಕಣ್ಣಾರೆ ನೋಡಿ. ನಿಲ್ಲಲು ನೆರಳು ಮಾತ್ರ ಕೇಳಬೇಡಿ. ಇಂತಿಷ್ಟು ದಪ್ಪವಾದ ಮರವನ್ನು ಯಾರೂ ಕಡಿಯಕೂಡದು, ಅದರ ಕೊಂಬೆ ಸವರುವುದಕ್ಕೂ ಕಚೇರಿಯ ಅಪ್ಪಣೆ ಬೇಕು ಎಂದು ಆಜ್ಞೆ ಹೊರಡಿಸಿದಿರಿ. ಸದುದ್ದೇಶವೇ ಇರಬಹುದು. ಆದರೆ ಇದನ್ನು ಕೇಳಿದ ಮನೆಯೊಡೆಯ ಏನು ಮಾಡುತ್ತಾನೆಂದು ಆ ದೊಡ್ಡ ಮೇಜಿನ ಸುತ್ತ ಕೂತವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ? ಕಾನೂನಿನ ಕೈಗೆ ಸಿಗುವ ಮೊದಲೇ ಮರ ಉರುಳಿಸುತ್ತಾನೆ. ದಪ್ಪಗಾದ ಮೇಲೆ ತಮ್ಮ ರಕ್ಷಣೆ ಉಂಟು, ಸರಿ. ದಪ್ಪಗಾಗಲು ಬಿಟ್ಟರೆ ತಾನೇ?

ನಾನು ಗೋಡೆಗೆ ಬಣ್ಣ ಬಳಿಯುವವನು. ನನ್ನ ತೋಳು ಊರಿಗೇ ಉದ್ದ, ಹಾಗಾಗಿ ಎಲ್ಲರ ಬಾಯಲ್ಲೂ ನಾನು ಉದ್ದತೋಳ. ತಮ್ಮ ಕಚೇರಿಯವರೊಬ್ಬರು ಮೊದಲ ಸಲ ಬಂದಾಗ ಅಳತೆಯ ಟೇಪನ್ನೇ ಮರೆತು ಬಂದಿದ್ದರು. ನನ್ನಿಂದ ಒಂದು ಮರ ತಬ್ಬಿಸಿ, "ಇವನ ಬೆರಳು ಕೂಡಿದ್ರೆ ಮರ ಇನ್ನೂ ಸಣ್ಣದು, ಕಡೀಬಹುದು" ಎಂದು ಹೇಳಿ ಹೋದರು. ಅಂದಿನಿಂದ ನಾನೇ ಊರಿನ ಅಳತೆಗೋಲು. ಬ್ರಶ್ಶು ಕೆಳಗಿಟ್ಟು ಬಾ ಎಂದು ಕರೆಯುತ್ತಾರೆ. ತಬ್ಬುತ್ತೇನೆ, ಬೆರಳು ಕೂಡುತ್ತವೆ, ನಾನು ಬೀದಿ ದಾಟುವಷ್ಟರಲ್ಲಿ ಗರಗಸ ಶುರುವಾಗುತ್ತದೆ. ಮದುವೆಯಾಗದವನಿಗೆ ತಬ್ಬಿಕೊಳ್ಳಲು ಮರವಾದರೂ ಸಿಕ್ಕಿತಲ್ಲ ಎಂದು ಗೆಳೆಯರು ಕಾಲೆಳೆಯುತ್ತಿದ್ದರು. ನಾನೂ ನಗುತ್ತಿದ್ದೆ.

ಕಳೆದ ತಿಂಗಳು ನನ್ನ ತಂಗಿಯ ಮನೆಯಿಂದ ಕರೆ ಬಂತು. ಕರೆಸಿದ್ದು ಅವಳಲ್ಲ, ಅವಳ ಮೈದುನ. ಅವಳ ಗಂಡ ತೀರಿಕೊಂಡ ಮೇಲೆ ಅಂಗಳ ಅವನ ಪಾಲಿಗೆ ಹೋಗಿದೆ. ಅಲ್ಲಿದ್ದ ಮರ ಮಾತ್ರ ಅವಳ ಗಂಡ ಕೈಯಾರೆ ನೆಟ್ಟದ್ದು. ಅದರ ಬುಡದಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು, ಹೊಲಿದ ಬಟ್ಟೆಯನ್ನು ಅದರ ಕೊಂಬೆಗೇ ತೂಗುಹಾಕಿ ಅವಳು ದಿನ ದೂಡುತ್ತಿದ್ದಳು. ಮರ ಇನ್ನಷ್ಟು ಬೆಳೆದುಬಿಟ್ಟರೆ ಗೋದಾಮು ಕಟ್ಟುವ ಹಾಗಿಲ್ಲ ಎಂಬುದು ಮೈದುನನ ಆತುರ. ನಾನು ತಬ್ಬಿದೆ. ಆಚೆ ಬದಿಯಲ್ಲಿ ಬೆರಳಿಗೆ ಬೆರಳು ತಾಗಿತು. ಮೆಲ್ಲನೆ ಹಿಂದಕ್ಕೆಳೆದುಕೊಂಡು, ಮುಟ್ಟುತ್ತಿಲ್ಲ ಎಂದುಬಿಟ್ಟೆ.

ಮೈದುನ ಅಷ್ಟು ದಡ್ಡನೇ? ತಮ್ಮ ಕಚೇರಿಯವರನ್ನು ಕರೆಸಿದ. ಈ ಸಲ ಅವರು ಟೇಪು ಮರೆತಿರಲಿಲ್ಲ. ಒಂದು ಬೆರಳಿನಷ್ಟು ಕಮ್ಮಿ ಬಂತು. "ಒಂದು ಮಳೆಗಾಲ ತಡೀರಿ ಸಾರ್, ದಪ್ಪ ಆಗುತ್ತೆ" ಎಂದಳು ತಂಗಿ. ಕಾನೂನಿಗೆ ಸೇರದ ಮರಕ್ಕೆ ತಾವೇನೂ ಮಾಡಲಾಗದು ಎಂದು ಅವರು ಟೇಪು ಸುತ್ತಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಮರ ನೆಲಕ್ಕೊರಗಿತ್ತು. ಬಿಸಿಲಲ್ಲಿ ಯಂತ್ರದ ಮುಂದೆ ಕೂತಿದ್ದ ತಂಗಿಯನ್ನು ಸಮಾಧಾನ ಮಾಡೋಣವೆಂದು ತೋಳು ಚಾಚಿದೆ. ಅವಳು ಎದ್ದು ಹಿಂದೆ ಸರಿದಳು.

"ಬೇಡ ಅಣ್ಣ. ನೀನು ತಬ್ಬಿದ್ದು ಯಾವುದು ಉಳಿದಿದೆ?"

ಅವಳ ಈ ಪ್ರಶ್ನೆಯನ್ನು ತಮಗೇ ಕಳಿಸುತ್ತಿದ್ದೇನೆ. ತಮ್ಮ ಬಳಿ ಉತ್ತರ ಇದೆಯೇ? ಆ ದಪ್ಪದ ಲೆಕ್ಕವನ್ನು ಕಿತ್ತುಹಾಕಿ. ನೆಟ್ಟ ದಿನವೇ ಸಸಿ ಕಾನೂನಿಗೆ ಸೇರಲಿ. ಕೊಂಬೆ ಸವರುವ ಹಕ್ಕನ್ನು ಮನೆಯವರಿಗೆ ಬಿಡಿ, ಆಗ ಬೆಳೆದ ಮರ ಕಂಡು ಯಾರೂ ಹೆದರುವುದಿಲ್ಲ. ಕಡಿಯಲೇಬೇಕಾದರೆ ಅದರ ಅಡಿಯಲ್ಲಿ ಬದುಕುವವರನ್ನು ಮೊದಲು ಕೇಳಬೇಕೆಂದು ಬರೆಯಿರಿ. ಇದನ್ನು ಬೇಗ ಮಾಡಿ. ತಂಗಿ ತನ್ನ ಪಾಲಿಗುಳಿದ ಮನೆಗೋಡೆಯ ಬದಿಗೆ ಹೊಸದೊಂದು ಸಸಿ ನೆಟ್ಟಿದ್ದಾಳೆ. ನಾನು ಅತ್ತ ಕಾಲಿಟ್ಟರೆ ಸಾಕು, ಬಂದು ಅದಕ್ಕೆ ಅಡ್ಡ ನಿಲ್ಲುತ್ತಾಳೆ.

ಇಂತಿ,
ಬೇಡವೆಂದರೂ ತಮ್ಮ ಕಾನೂನಿನ ಅಳತೆಗೋಲಾದ
ಉದ್ದತೋಳ