ಆನೆಗುಂಡಿಯ ಆಳ

ಬಾಳೆಲೆ
14-3-1959

ಚಿ. ಸೌ. ಯಮುನಳಿಗೆ ಅವ್ವನ ಆಶೀರ್ವಾದ.

ಬೇಸಿಗೆ ರಜೆಗೆ ಮಕ್ಕಳನ್ನು ಕಳಿಸುತ್ತೇನೆಂದು ಬರೆದದ್ದು ಸಂತೋಷ. "ನಮ್ಮ ಹಾಗೇ ಅವರೂ ತೋಟವೆಲ್ಲ ಸುತ್ತಲಿ, ಬಳ್ಳಿ ಹಿಡಿದು ಆನೆಗುಂಡಿಗೆ ಇಳಿಯಲಿ" ಎಂದಿದ್ದೀಯ. ಆನೆ ಹಿಡಿಯಲು ಹಿಂದಿನವರು ತೋಡಿದ ಆ ಗುಂಡಿಗೆ ನೀವು ಇಳಿಯುತ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಆರು ಮಕ್ಕಳನ್ನು ಕಾವಲಿಲ್ಲದೆ ಬೆಳೆಸಿದೆನೆಂದು ಊರೆಲ್ಲ ಹೇಳಿಕೊಂಡು ಬಂದವಳು ನಾನು.

ನಿನ್ನ ಕಾಗದ ಓದಿ ಮುಗಿಸಿದವಳೇ ಹೋಗಿ ಬಿದಿರು ಇಳಿಸಿ ಅಳೆದೆ. ಎರಡಾಳು ಆಳವಿದೆ. ತಳದಲ್ಲಿ ಕೊಳೆತ ನೀರು, ಗೋಡೆಯ ಬೇರಿನಲ್ಲಿ ಹಾವಿನ ಪೊರೆ. ಆಮೇಲೆ ಮನೆಯಲ್ಲಿ ಕೂರಲಾಗದೆ ಅದೇ ದಿನ ಇನ್ನೆರಡು ಸಲ ಹೋಗಿ ನೋಡಿ ಬಂದೆ.

ನಿನ್ನ ಅಣ್ಣ ದೇರಪ್ಪನಿಗೆ ಹೇಳಿ ಮಣ್ಣು ತುಂಬಿಸುತ್ತಿದ್ದೇನೆ. "ಇಪ್ಪತ್ತು ವರ್ಷ ತಡ ಆತಲ್ಲವ್ವ" ಎಂದು ನಕ್ಕ. ಅವನೂ ಇಳಿದವನೇ ಅಂತೆ. ನನಗೆ ನಗು ಬರಲಿಲ್ಲ.

ಮಕ್ಕಳನ್ನು ಕಳಿಸು. ಅದಕ್ಕೆ ಮೊದಲು, ನೀವೆಲ್ಲ ಇನ್ನೂ ಎಲ್ಲೆಲ್ಲಿ ಆಡುತ್ತಿದ್ದಿರಿ ಎಂದು ಒಂದನ್ನೂ ಬಿಡದೆ ಮರುಟಪಾಲಿನಲ್ಲೇ ಬರೆ. ಈಗ ಬೈಯುವುದಿಲ್ಲ.

ನಿನ್ನ ಅವ್ವ,
ಪೂವಮ್ಮ