ಕೆಂಪು ದಾರದ ಪಿಪೆಟ್ಟು

ಧಾರವಾಡ
ಗುರುವಾರ, ೨೫ ಮೇ ೧೯೩೯

ನಿರುಪಮಕ್ಕನಿಗೆ ಯಜ್ಞನ ನಮಸ್ಕಾರ.

ಇತ್ತ ಎಲ್ಲ ಕ್ಷೇಮ ಎಂಬ ಸಾಲನ್ನು ಈ ಸಲ ಬಿಟ್ಟಿದ್ದೇನೆ. ಇಲ್ಲಿ ನನಗೆ ಹೇಸಿಗೆಯಾಗಿದೆ ಅಕ್ಕಾ. ಆರು ವಾರ ಉಂಡದ್ದೆಲ್ಲ ಗಂಟಲಿಗೆ ಬಂದು ನಿಂತ ಹಾಗಿದೆ.

ಬಿ.ಎಸ್ಸಿ. ಆದವರಿಗೆ ಮತ್ತೆ ಎಂಥ ತರಬೇತಿ ಎಂದು ನೀನು ಕೇಳಿದ್ದೆ. ಮ್ಯಾಟ್ರಿಕ್ ತರಗತಿಗೆ ರಸಾಯನಶಾಸ್ತ್ರ ಕಲಿಸಬೇಕಾದರೆ ಈ ಬೇಸಗೆಯ ವರ್ಗದ ಸರ್ಟಿಫಿಕೇಟು ಬೇಕು. ಹತ್ತು ಜನ ಮಾಸ್ತರರು ಬಂದಿದ್ದೆವು. ವಿಜ್ಞಾನವನ್ನು ಹುಡುಗರ ಕೈಗೆ ಹೇಗೆ ಕೊಡಬೇಕೆಂದು ಹೇಳಿಕೊಡುತ್ತಾರೆ ಎಂದು ನಂಬಿ ಬಂದೆ. ಹೇಳಿಕೊಟ್ಟದ್ದು, ವಹಿಯ ಅಂಚು ಎಷ್ಟು ಬೆರಳು ಬಿಡಬೇಕು ಎಂಬುದು. ನಮ್ಮ ಬೋಧಕ ವೆಂಕಣ್ಣ ಮಾಸ್ತರರು ಗಂಧಕದ ವಾಯು ಮಾಡುವ ಉಪಕರಣವನ್ನು ಮೂರು ಬಣ್ಣದ ಖಡುವಿನಿಂದ ಹಲಗೆಯ ಮೇಲೆ ಬರೆದರು, ನಾವು ಇಳಿಸಿಕೊಂಡೆವು. ಖರೇ ಉಪಕರಣ ಹಿಂದಿನ ಕಪಾಟಿನಲ್ಲೇ ಇತ್ತು. ತಗದ್ರ ವಾಸನಿ ಬರತದ, ಪರೀಕ್ಷಾದಾಗ ವಾಸನೀಗೆ ಮಾರ್ಕ್ ಇಲ್ಲಪಾ ಅಂದರು. ಎಲ್ಲರೂ ನಕ್ಕರು.

ಕೈಯಿಂದ ಮಾಡಿಸಿದ್ದು ಒಂದೇ: ಆಮ್ಲವನ್ನೂ ಕ್ಷಾರವನ್ನೂ ಅಳೆದು ಕೂಡಿಸುವುದು. ಅದಕ್ಕೆ ಪಿಪೆಟ್ಟು ಎಂಬ ಗಾಜಿನ ನಳಿಕೆ ಬೇಕು, ನಡುವೆ ಹೊಟ್ಟೆ ಉಬ್ಬಿದ್ದು. ಒಂದು ತುದಿಯನ್ನು ದ್ರವದಲ್ಲಿ ಅದ್ದಿ, ಇನ್ನೊಂದನ್ನು ಬಾಯಲ್ಲಿ ಹಿಡಿದು, ಮೇಲಿನ ಗೆರೆಯ ತನಕ ಎಳೆದುಕೊಳ್ಳಬೇಕು. ಬಾಯಿ ಎಂದ ಕೂಡಲೆ ಇವರಿಗೆ ಎಂಜಲಿನ ನೆನಪಾಯಿತು. ಮೊದಲ ದಿನವೇ ಒಬ್ಬೊಬ್ಬರಿಗೆ ಒಂದೊಂದು ಹಂಚಿ, ಕಮರುದ್ದೀನನ ಪಿಪೆಟ್ಟಿಗೆ ಕೆಂಪು ದಾರ ಕಟ್ಟಿದರು. ಉಳಿದ ಒಂಬತ್ತು ಕಟ್ಟಿಗೆಯ ಸ್ಟ್ಯಾಂಡಿನಲ್ಲಿ, ಅವನದೊಂದು ಕಿಟಕಿಯ ಹೊರಗಿನ ಕಟ್ಟೆಯ ಮೇಲೆ. ಆ ಗಾಜಿನ ಹೊಟ್ಟೆಯನ್ನು ಬಾಯಿಂದ ಊದಿ ಉಬ್ಬಿಸಿದವನು ಯಾವ ದೇಶದ ಯಾವ ಕುಲದವನೋ! ಅವನ ಎಂಜಲು ಇವರಿಗೆ ನಡೆಯುತ್ತದೆ.

ಕಮರುದ್ದೀನನ ವಿಷಯ ಹಿಂದೆ ಬರೆದಿದ್ದೆ. ಹುಬ್ಬಳ್ಳಿಯಲ್ಲಿ ಸೈಕಲ್ ದುರಸ್ತಿ ಮಾಡುವ ಮಲ್ಲಿಕಸಾಬರ ಮಗ. ಅವನ ಕೈ ನೋಡಬೇಕು ನೀನು. ಕ್ಷಾರದ ಗುಲಾಬಿ ಬಣ್ಣ ಆಮ್ಲದ ಯಾವ ಹನಿಗೆ ಹಾರುತ್ತದೆಂದು ನಾವು ಕಣ್ಣು ಕಿಸಿದು ಕೂತಿದ್ದರೆ ಅವನು ಸರಿಯಾಗಿ ಆ ಹನಿಗೇ ನಿಲ್ಲಿಸುತ್ತಿದ್ದ. ಅವನ ಶಾಲೆಯಲ್ಲಿ ಮ್ಯಾಟ್ರಿಕ್ ತರಗತಿಯ ಜಾಗವನ್ನು ಜೂನ್ ತನಕ ಅವನಿಗೆಂದು ಕಾಯ್ದಿಟ್ಟಿದ್ದಾರೆ. ಸರ್ಟಿಫಿಕೇಟು ಇಲ್ಲದಿದ್ದರೆ ಅದು ಬೇರೆಯವರ ಪಾಲು. ದಾರದ ಮಾತು ತೆಗೆದರೆ ನಗುತ್ತಿದ್ದ. ಇರ್ಲಿ ಬಿಡ್ರಿ ಮಾಸ್ತರ್ರ, ಆಸಿಡ್ಡಿಗೆ ಜಾತಿ ತಿಳಿಯೂದಿಲ್ಲ, ಎಲ್ಲಾರ ನಾಲಿಗಿನೂ ಸುಡತೈತಿ ಅನ್ನುತ್ತಿದ್ದ.

ಮಂಗಳವಾರ ಒಂದು ಕಾಗೆ ಆ ಪಿಪೆಟ್ಟಿನ ದಾರವನ್ನು ಕುಕ್ಕಿ ಎಳೆಯುತ್ತಿತ್ತು. ಕಾಗಿನೂ ಟ್ರೇನಿಂಗಿಗೆ ಬಂತು ನೋಡ್ರಿ ಎಂದು ಯಾರೋ ಅಂದ. ವೆಂಕಣ್ಣ ಮಾಸ್ತರರಂತೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ತಡೆಯಲಿಲ್ಲ. ಅಪ್ಪನ ಕಣ್ಣಿಗೆ ಬೀಳದಂತೆ ನೀನು ಶಾವಿಗೆಯ ಡಬ್ಬಿಯಲ್ಲಿ ಮುಚ್ಚಿಟ್ಟ, ಮಡಿ-ಮೈಲಿಗೆಯನ್ನು ಖಂಡಿಸುವ ನನ್ನ ಪುಸ್ತಿಕೆಗಳ ಮಾತೆಲ್ಲ ಒಮ್ಮೆಲೆ ಬಾಯಿಗೆ ಬಂತು. ನೀವು ಮಾಸ್ತರರಲ್ಲ, ಮಡಿಯ ಕಾವಲುಗಾರರು ಎಂದೆ. ಕೆಂಪು ದಾರದ ಪಿಪೆಟ್ಟನ್ನು ತೆಗೆದು ನೆಲಕ್ಕೆ ಅಪ್ಪಳಿಸಿ, ಈ ಅಪಮಾನ ಇಲ್ಲಿಗೆ ಮುಗೀತು ಎಂದು ಕೂಗಿದೆ. ಕಮರುದ್ದೀನ ಕುಕ್ಕುರುಗಾಲಲ್ಲಿ ಕೂತು ಚೂರು ಆರಿಸಿದ. ಆರಿಸುತ್ತ ನನಗೆ ಒಂದು ಮಾತು ಅಂದ. ಅದು ಇಲ್ಲಿ ಬೇಡ.

ಮರುದಿನವೇ ಪರೀಕ್ಷೆ. ಕಪಾಟಿನಲ್ಲಿ ಹನ್ನೊಂದನೆಯ ಪಿಪೆಟ್ಟು ಇರಲಿಲ್ಲ. ಹೊಸದು ಮುಂಬಯಿಯಿಂದ ಬರಬೇಕು. ಯಾರರೆ ತಮ್ಮದು ಕೊಡೋರಿದ್ರ ಇಸ್ಕೋರಿ, ನಂದೇನೂ ಅಡ್ಡಿ ಇಲ್ಲ ಎಂದು ವೆಂಕಣ್ಣ ಮಾಸ್ತರರು ಮೀಸೆಯಡಿಯಲ್ಲೇ ನಕ್ಕರು. ಕಮರುದ್ದೀನ ಒಂದೊಂದೇ ಮೇಜಿನ ಮುಂದೆ ಹೋಗಿ ನಿಂತ. ಒಬ್ಬ ತನ್ನದನ್ನು ಧೋತರದ ಮಡಿಕೆಯಲ್ಲಿ ಮುಚ್ಚಿದ. ಇನ್ನೊಬ್ಬ, ನಾಳೆ ಊರಾಗ ನನಗ ಪ್ರಾಯಶ್ಚಿತ್ತ ಯಾರು ಮಾಡಸ್ತಾರ್ರೀ ಎಂದು ಕೇಳಿದ. ಬಿ.ಎಸ್ಸಿ. ಪಾಸಾದವನು! ಥೂ. ಕಡೆಗೆ ಕಮರುದ್ದೀನ ಅಳತೆಯ ಗ್ಲಾಸಿನಲ್ಲಿ ಅಂದಾಜು ಹಿಡಿದು ಮಾಡಿದ. ಉತ್ತರ ತಪ್ಪಿತು. ಸಂಜೆ ಪಟ್ಟಿ ಹಚ್ಚಿದರು, ಅವನೊಬ್ಬನೇ ನಪಾಸು. ಹಾಸಿಗೆ ಸುತ್ತಿಕೊಂಡು ಹುಬ್ಬಳ್ಳಿಯ ಗಾಡಿ ಹಿಡಿದ. ನಾನು ಸ್ಟೇಶನ್ನಿಗೆ ಹೋಗಲಿಲ್ಲ.

ಇದರೊಂದಿಗೆ ಶಿಕ್ಷಣ ಖಾತೆಯ ಸಾಹೇಬರಿಗೆ ಬರೆದ ಅರ್ಜಿ ಇಟ್ಟಿದ್ದೇನೆ. ಜೂನ್ ಒಳಗೆ ಕಮರುದ್ದೀನನಿಗೆ ಮತ್ತೊಮ್ಮೆ ಪರೀಕ್ಷೆ ಆಗಬೇಕು, ಪಿಪೆಟ್ಟು ಕೊಡದವರ ಸರ್ಟಿಫಿಕೇಟು ತಡೆಹಿಡಿಯಬೇಕು ಎಂದು ಕೇಳಿದ್ದೇನೆ. ಆ ಎಂಟು ಜನರ ಹೆಸರು, ಊರು, ಶಾಲೆ ಎಲ್ಲ ಕೊಟ್ಟಿದ್ದೇನೆ. ನನ್ನ ಅಕ್ಷರ ಸಿಟ್ಟಿನಲ್ಲಿ ಕೋಳಿ ಕೆದರಿದಂತಾಗಿದೆ. ನೀನು ದುಂಡಗೆ ನಕಲು ಮಾಡಿ ಲಗೂ ಕಳಿಸು. ಅಪ್ಪನಿಗೆ ತೋರಿಸಬೇಡ.

ಸಿಟ್ಟು ಇನ್ನೂ ಇಳಿಯದ ನಿನ್ನ ತಮ್ಮ,
ಯಜ್ಞೇಶ್ವರ

ತಾ.ಕ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಹತ್ತರಲ್ಲಿ ಒಂದು ಕಳೆದರೆ ಒಂಬತ್ತಲ್ಲವೇನೋ ಎಂದು ನೀನು ಕೇಳದೆ ಬಿಡುವವಳಲ್ಲ. ಕಮರುದ್ದೀನ ಕಟ್ಟಕಡೆಗೆ ನನ್ನ ಮೇಜಿಗೆ ಬಂದ. ಅವನು ಬರುವುದನ್ನು ನೋಡಿಯೇ ನಾನು ಪಿಪೆಟ್ಟು ಬಾಯಿಗಿಟ್ಟು ಎಳೆದೆ. ಗೆರೆ ದಾಟಿತು, ಕ್ಷಾರ ನಾಲಿಗೆಗೆ ಬಂದು ಸುಟ್ಟಿತು, ಆದರೂ ಬಾಯಿ ಬಿಡಲಿಲ್ಲ. ಬಾಯಿ ತುಂಬಿದವನು ಉತ್ತರ ಕೊಡಬೇಕಾಗಿಲ್ಲವಲ್ಲ! ಅವನು ತುಸು ಹೊತ್ತು ಕಾಯ್ದು ಹೋದ. ಕೊಟ್ಟಿದ್ದರೆ ತಿರುಗಿ ಅದನ್ನೇ ಬಾಯಲ್ಲಿ ಹಿಡಿಯಬೇಕಾಗುತ್ತಿತ್ತು. ಅಷ್ಟು ನನ್ನಿಂದ ಆಗಲಿಲ್ಲ ಅಕ್ಕಾ.

ಚೂರು ಆರಿಸುತ್ತ ಅವನು ಅಂದದ್ದು ಇದು: ಮಾಸ್ತರ್ರ, ಒಡಿಯೂದು ಇತ್ತಂದ್ರ ನಿಮ್ಮದು ಒಡೀಬೇಕಿತ್ತಲ್ರಿ. ನಂದ್ಯಾಕ ಒಡದ್ರಿ?

ಅರ್ಜಿಯಲ್ಲಿ ಈಗ ಒಂಬತ್ತು ಹೆಸರಿವೆ. ಹೊಸದನ್ನು ಎಲ್ಲಕ್ಕಿಂತ ಮೇಲೆ ಬರೆದಿದ್ದೇನೆ. ನಕಲು ಮಾಡುವಾಗ ತಮ್ಮನ ಮೇಲಿನ ಮಾಯೆಗೆ ಅದನ್ನು ಬಿಟ್ಟುಗಿಟ್ಟೀಯೆ. ಬಿಡಬೇಡ.